ಯಕೃತ್ತಿನ ಕ್ಯಾನ್ಸರಿನ ರಕ್ತಸೂಚಕಗಳು

ಯಕೃತ್ತಿನ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರನ್ನು ರಕ್ತ ಪರೀಕ್ಷೆಯಿಂದ ಗುರುತಿಸಲು ನೆರವಾಗುವ ವಸ್ತುಗಳೇ ರಕ್ತಸೂಚಕಗಳು. ಇವು ಪ್ರೋಟೀನುಗಳಾಗಿರಬಹುದು, ಪ್ರೋಟೀನಿಗೆ ಅಂಟಿದ ಸಕ್ಕರೆಯ ಸರಪಳಿಗಳಾಗಿರಬಹುದು, ಆರ್‌ಎನ್‌ಎ ಅಥವಾ ಡಿಎನ್‌ಎ ತುಣುಕುಗಳಾಗಿರಬಹುದು. ಇಲ್ಲಿ ಹೇಳುತ್ತಿರುವುದು ಹೆಪಟೋಸೆಲ್ಯುಲರ್ ಕಾರ್ಸಿನೋಮ ಎಂಬ ಪ್ರಧಾನ ಬಗೆಯ ಬಗ್ಗೆ. ಹೊಟ್ಟೆಯ ಬೇರೆ ಅಂಗದಲ್ಲಿ ಹುಟ್ಟಿ ಯಕೃತ್ತಿಗೆ ಹರಡಿದ ಕ್ಯಾನ್ಸರಿನ ಲೆಕ್ಕ ಬೇರೆ.

2022ರಲ್ಲಿ ಜಗತ್ತಿನಾದ್ಯಂತ ಸುಮಾರು 8.66 ಲಕ್ಷ ಜನರಿಗೆ ಯಕೃತ್ತಿನ ಕ್ಯಾನ್ಸರು ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 7.58 ಲಕ್ಷ ಜನ ಅದರಿಂದ ಸತ್ತರು. ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದೇ ಈ ರೋಗದ ಸ್ವಭಾವವನ್ನು ಹೇಳುತ್ತದೆ: ಸಿಗುವಷ್ಟರಲ್ಲಿ ಕೈಮೀರಿರುತ್ತದೆ. ಯಕೃತ್ತಿನ ಒಳಗೆ ನೋವು ತಿಳಿಸುವ ನರಗಳಿಲ್ಲ, ಹೊರಗಿನ ಪೊರೆಗೆ ಮಾತ್ರ ಉಂಟು. ಗಡ್ಡೆ ಆ ಪೊರೆಯನ್ನು ಹಿಗ್ಗಿಸುವವರೆಗೆ, ಇಲ್ಲವೇ ಕಾಮಣಿ ಬಂದು ಕಣ್ಣು ಹಳದಿಯಾಗುವವರೆಗೆ, ಹೊಟ್ಟೆಯಲ್ಲಿ ನೀರು ತುಂಬುವವರೆಗೆ ಮನುಷ್ಯ ಹೊಲಮನೆ ಕೆಲಸ ಮಾಡಿಕೊಂಡೇ ಇರುತ್ತಾನೆ. ಬೀದರ್ ನಗರದ ಮೈಲೂರದಲ್ಲಾಗಲಿ, ಭಾಲ್ಕಿ, ಔರಾದ್‌ಗಳಲ್ಲಾಗಲಿ ಅಂಥವನ ಮುಂದಿನ ದಾರಿ ಗೊತ್ತಿರುವುದೇ: ಮೊದಲು ಊರಿನ ಸೋನೋಗ್ರಫಿ, ಆಮೇಲೆ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಅಲ್ಲಿಂದ ಕಲಬುರಗಿಯ ಕಿದ್ವಾಯಿ ಕೇಂದ್ರ ಅಥವಾ ಹೈದರಾಬಾದ್. ಒಳ್ಳೆಯ ರಕ್ತಸೂಚಕದಿಂದ ನಿರೀಕ್ಷಿಸುವುದು ಇಷ್ಟನ್ನೇ: ಈ ದಾರಿ ಒಂದೆರಡು ವರ್ಷ ಮೊದಲೇ, ಗಡ್ಡೆ ಮೂರು ಸೆಂಟಿಮೀಟರು ದಾಟುವ ಮುನ್ನ ಶುರುವಾಗಬೇಕು. ಅಷ್ಟು ಸಣ್ಣ ಗಡ್ಡೆಯನ್ನು ಸೂಜಿ ಚುಚ್ಚಿ ಸುಡಬಹುದು, ಕತ್ತರಿಸಿ ತೆಗೆಯಬಹುದು. ಯಕೃತ್ತು ಕಸಿ ಮಾಡುವುದಿದ್ದರೂ ಸಣ್ಣ ಗಡ್ಡೆಯವರಿಗೇ ಅದು ಫಲ ಕೊಡುವುದು.

ಭ್ರೂಣದ ಪ್ರೋಟೀನು

ಅರುವತ್ತು ವರ್ಷಗಳಿಂದ ಈ ಕ್ಷೇತ್ರವನ್ನು ಆಳುತ್ತಿರುವುದು ಆಲ್ಫಾ ಫೀಟೋಪ್ರೋಟೀನ್. ಆಸ್ಪತ್ರೆಗಳ ಬಾಯಲ್ಲಿ ಎಎಫ್‌ಪಿ. ತಾಯಿಯ ಹೊಟ್ಟೆಯಲ್ಲಿರುವ ಶಿಶುವಿನ ರಕ್ತದಲ್ಲಿ ಇಂಥದೊಂದು ಪ್ರೋಟೀನು ಇರುವುದನ್ನು 1956ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಂಡ್ ಮತ್ತು ಝಾರ್ ಕಂಡಿದ್ದರು. ದೊಡ್ಡವರ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಮಾಡುವ ಕೆಲಸವನ್ನು ಭ್ರೂಣದಲ್ಲಿ ಇದು ಬಹುಪಾಲು ಹೊತ್ತುಕೊಂಡಿರುತ್ತದೆ. ಮಗು ಹುಟ್ಟಿ ವರ್ಷ ತುಂಬುವಷ್ಟರಲ್ಲಿ ಯಕೃತ್ತು ಇದರ ತಯಾರಿಕೆಯನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಆರೋಗ್ಯವಂತ ವಯಸ್ಕರ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಉಳಿಯುವುದು ಸಾಮಾನ್ಯವಾಗಿ 10 ನ್ಯಾನೋಗ್ರಾಮಿಗೂ ಕಡಿಮೆ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ತಂಡ ಯಕೃತ್ತಿನ ಗಡ್ಡೆಯಿದ್ದ ಇಲಿಗಳಲ್ಲಿ ಈ ಪ್ರೋಟೀನು ಮರಳಿ ಬಂದದ್ದನ್ನು ತೋರಿಸಿತು. ಮರುವರ್ಷ ಯೂರಿ ತತಾರಿನೋವ್ ಅದನ್ನೇ ಮನುಷ್ಯ ರೋಗಿಗಳ ರಕ್ತದಲ್ಲಿ ಕಂಡರು. ಮುದಿ ಯಕೃತ್ತಿನೊಳಗೆ ದಾರಿತಪ್ಪಿದ ಜೀವಕೋಶವೊಂದು ತನ್ನ ಗರ್ಭವಾಸದ ಅಭ್ಯಾಸಕ್ಕೆ ಹಿಂತಿರುಗುತ್ತದೆ ಎಂಬ ಈ ಶೋಧ ಕ್ಯಾನ್ಸರ್ ವಿಜ್ಞಾನದಲ್ಲೇ ಹೊಸ ಬಾಗಿಲು ತೆರೆಯಿತು.

ತೊಂದರೆ ಎಂದರೆ ಎಲ್ಲ ಗಡ್ಡೆಗಳಿಗೂ ಈ ಅಭ್ಯಾಸವಿಲ್ಲ. ಮೂರರಲ್ಲಿ ಒಂದರಷ್ಟು ಗಡ್ಡೆಗಳು ಎಎಫ್‌ಪಿಯನ್ನು ಏರಿಸುವುದೇ ಇಲ್ಲ. ಇನ್ನೊಂದೆಡೆ ಕ್ಯಾನ್ಸರೇ ಇಲ್ಲದವರಲ್ಲೂ ಅದು ಏರುತ್ತದೆ: ಬಸುರಿಯರಲ್ಲಿ, ವೃಷಣದ ಕೆಲವು ಗಡ್ಡೆಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹೆಪಟೈಟಿಸ್ ಕೆರಳಿ ಯಕೃತ್ತು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವಾಗ. ಅಂದರೆ ಯಾರನ್ನು ಪರೀಕ್ಷಿಸಬೇಕಾಗಿದೆಯೋ ಅವರಲ್ಲೇ ಸೂಚಕ ಸುಳ್ಳಾಡುತ್ತದೆ. 2001ರಲ್ಲಿ ಇಟಲಿಯಿಂದ ಬಂದ ಒಂದು ಹೆಸರಾಂತ ಅಧ್ಯಯನ ಇದನ್ನು ಅಂಕಿಗಳಲ್ಲಿಟ್ಟಿತು. ಮಿತಿಯನ್ನು 20 ನ್ಯಾನೋಗ್ರಾಮಿಗೆ ಇಟ್ಟರೆ ನೂರು ರೋಗಿಗಳಲ್ಲಿ 60 ಜನ ಸಿಗುತ್ತಾರೆ, ಕ್ಯಾನ್ಸರಿಲ್ಲದ ನೂರರಲ್ಲಿ 9ಕ್ಕಿಂತ ತುಸು ಹೆಚ್ಚು ಜನ ಸುಮ್ಮನೆ ಗಾಬರಿಪಡಬೇಕಾಗುತ್ತದೆ. ಮಿತಿಯನ್ನು 200ಕ್ಕೆ ಏರಿಸಿದರೆ ಗಾಬರಿ ತಪ್ಪುತ್ತದೆ, ಆದರೆ ಸಿಗುವ ರೋಗಿಗಳು 22ಕ್ಕೆ ಇಳಿಯುತ್ತಾರೆ. ಜರಡಿಯ ಕಣ್ಣು ಹಿಗ್ಗಿಸಿದರೆ ಕಾಳೂ ಜಾರುತ್ತದೆ, ಕುಗ್ಗಿಸಿದರೆ ಕಲ್ಲೂ ಉಳಿಯುತ್ತದೆ.

ಈ ಅಂಕಿಗಳ ಅರ್ಥ ಯಾರ ರಕ್ತ ಎಂಬುದರ ಮೇಲೆ ನಿಂತಿದೆ. ಒಂದು ಲೆಕ್ಕ ಹಾಕಿ ನೋಡಬಹುದು. ಸಿರೋಸಿಸ್ ಆಗಿ ಯಕೃತ್ತು ನಾರುಗಟ್ಟಿರುವ ಸಾವಿರ ಜನರಿದ್ದಾರೆ, ಅವರಲ್ಲಿ ಮೂವತ್ತು ಜನಕ್ಕೆ ಕ್ಯಾನ್ಸರಿದೆ ಎಂದುಕೊಳ್ಳೋಣ. 20ರ ಮಿತಿಯಲ್ಲಿ ಹದಿನೆಂಟು ಜನ ಸಿಗುತ್ತಾರೆ, ಹನ್ನೆರಡು ಜನ ತಪ್ಪಿಹೋಗುತ್ತಾರೆ, ತೊಂಬತ್ತು ಚಿಲ್ಲರೆ ಜನಕ್ಕೆ ಸುಳ್ಳು ಎಚ್ಚರಿಕೆ. ಹೆಚ್ಚಿದ್ದರೂ ಸಹಿಸಬಹುದಾದ ಲೆಕ್ಕ. ಅದೇ ಪರೀಕ್ಷೆಯನ್ನು ಲಕ್ಷ ಜನ ಆರೋಗ್ಯವಂತರಿಗೆ ಮಾಡಿದರೆ, ಅವರಲ್ಲಿ ಮೂರು ಜನಕ್ಕೆ ರೋಗವಿದ್ದರೆ, ಇಬ್ಬರು ಸಿಗುತ್ತಾರೆ, ಒಂಬತ್ತು ಸಾವಿರಕ್ಕೂ ಹೆಚ್ಚು ಜನ ನಿದ್ದೆಗೆಡುತ್ತಾರೆ. 'ಪೂರ್ತಿ ದೇಹದ ತಪಾಸಣೆ' ಎಂದು ಪ್ಯಾಕೇಜು ಮಾರುವ ಲ್ಯಾಬುಗಳು ಯಾವ ರೋಗಭಯವೂ ಇಲ್ಲದವರಿಗೆ ಎಎಫ್‌ಪಿ ಮಾಡಿಸುವುದು ಈ ಕಾರಣಕ್ಕೇ ದುಡ್ಡು ದಂಡ.

ಆದ್ದರಿಂದ ಎಎಫ್‌ಪಿಯನ್ನು ಈಗ ಒಂಟಿಯಾಗಿ ನಂಬುವುದಿಲ್ಲ. ಅಪಾಯವಿರುವವರಿಗೆ ಆರು ತಿಂಗಳಿಗೊಮ್ಮೆ ಸೋನೋಗ್ರಫಿ, ಜೊತೆಗೆ ಎಎಫ್‌ಪಿ. ಸಂಶಯ ಬಂದರೆ ಔಷಧ ಚುಚ್ಚಿ ತೆಗೆಯುವ ಸಿಟಿ ಅಥವಾ ಎಂಆರ್‌ಐ. ಗಡ್ಡೆ ಅಪಧಮನಿಯ ರಕ್ತವನ್ನು ಮೊದಲು ಹೀರಿ ಹೊಳೆದು ಆಮೇಲೆ ಸುತ್ತಲಿನ ಯಕೃತ್ತಿಗಿಂತ ಮಂಕಾಗುವುದು ಸಿರೋಸಿಸ್ ರೋಗಿಯಲ್ಲಿ ಕಂಡುಬಂದರೆ ತುಣುಕು ತೆಗೆಯದೆಯೇ ರೋಗ ಖಚಿತ. ಕ್ಯಾನ್ಸರುಗಳಲ್ಲಿ ಈ ರಿಯಾಯಿತಿ ಸಿಕ್ಕಿರುವುದು ಅಪರೂಪ. ಶಾಂಘೈಯಲ್ಲಿ 18,816 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ಈ ತಪಾಸಣೆಯಿಂದ ಯಕೃತ್ತಿನ ಕ್ಯಾನ್ಸರಿನ ಸಾವುಗಳು ಶೇ 37ರಷ್ಟು ಇಳಿದವು. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಸೋನೋಗ್ರಫಿ ಒಂದೇ ಆರಂಭದ ಗಡ್ಡೆಗಳಲ್ಲಿ ಶೇ 45ರಷ್ಟನ್ನು ಹಿಡಿದರೆ, ಎಎಫ್‌ಪಿ ಸೇರಿದಾಗ ಅದು ಶೇ 63ಕ್ಕೆ ಏರಿತ್ತು. ಮುದುಕನೆಂದು ಬದಿಗೆ ಕೂರಿಸಿದ್ದ ಎಎಫ್‌ಪಿಗೆ ಮತ್ತೆ ಮರ್ಯಾದೆ ಬಂದದ್ದು ಹೀಗೆ. ಭಾರತದ ಯಕೃತ್ತು ತಜ್ಞರ ಸಂಘ ಪುರಿಯಲ್ಲಿ ಸೇರಿ ರೂಪಿಸಿದ, 2014ರಲ್ಲಿ ಹೊರಬಂದ ಶಿಫಾರಸುಗಳು ಈ ದೇಶದಲ್ಲಿ ಇಂಥ ತಪಾಸಣೆಗೆ ಚೌಕಟ್ಟು ಹಾಕಿದವು.

ಮಸೂರ ಬೇಳೆ ಹಿಡಿಯುವ ಸಕ್ಕರೆ

ಹೊಸ ಸೂಚಕ ಹುಡುಕುವ ಬದಲು ಹಳೆಯದನ್ನೇ ಇನ್ನಷ್ಟು ಹತ್ತಿರದಿಂದ ನೋಡಿದ್ದು ಜಪಾನಿನವರ ಜಾಣತನ. ಎಎಫ್‌ಪಿ ಅಣುವಿಗೆ ಒಂದು ಸಕ್ಕರೆಯ ಸರಪಳಿ ಅಂಟಿರುತ್ತದೆ. ಕ್ಯಾನ್ಸರಿನ ಜೀವಕೋಶ ತಯಾರಿಸಿದ ಎಎಫ್‌ಪಿಯಲ್ಲಿ ಆ ಸರಪಳಿಯ ಬುಡಕ್ಕೆ ಫ್ಯೂಕೋಸ್ ಎಂಬ ಇನ್ನೊಂದು ಸಕ್ಕರೆ ಸೇರಿಕೊಂಡಿರುವುದು ಹೆಚ್ಚು. ಬರಿಯ ಹೆಪಟೈಟಿಸಿನಲ್ಲಿ ಏರಿದ ಎಎಫ್‌ಪಿಯಲ್ಲಿ ಅದು ಕಡಿಮೆ. ಈ ಕಣ್ಣಿಗೆ ಬೀಳದ ವ್ಯತ್ಯಾಸವನ್ನು ಹಿಡಿದುಕೊಡುವುದು ಮಸೂರ ಬೇಳೆಯಿಂದ ತೆಗೆದ ಲೆಕ್ಟಿನ್! ದಕ್ಷಿಣದವರು ಚನ್ನಂಗಿ ಎನ್ನುವ ಅದೇ ಕೆಂಪು ಬೇಳೆ. ಲೆಕ್ಟಿನ್ನುಗಳು ಸಕ್ಕರೆಗೆ ಅಂಟುವ ಪ್ರೋಟೀನುಗಳು, ಒಂದೊಂದಕ್ಕೆ ಒಂದೊಂದು ಸಕ್ಕರೆಯ ಮೇಲೆ ಒಲವು. ಮಸೂರದ ಲೆಕ್ಟಿನ್ನಿಗೆ ಗಟ್ಟಿಯಾಗಿ ಅಂಟುವ ಪಾಲಿಗೆ ಎಎಫ್‌ಪಿ-ಎಲ್3 ಎಂದು ಹೆಸರು. ಒಟ್ಟು ಎಎಫ್‌ಪಿಯಲ್ಲಿ ಇದರ ಪಾಲು ಶೇ 10 ದಾಟಿದರೆ ಅನುಮಾನ ಬಲವಾಗುತ್ತದೆ.

ಇಲ್ಲಿ ಕರ್ನಾಟಕದ ಕೈಯೂ ಇದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಲೆಕ್ಟಿನ್ ಅಧ್ಯಯನದಲ್ಲಿ ಈ ನಾಡು ಹಳೆಯ ಪಳಗಿದ ಕೈ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಎ. ಸುರೋಲಿಯಾ ಅವರ ತಂಡಗಳು 1990ರ ದಶಕದಲ್ಲಿ ಶೇಂಗಾದ ಲೆಕ್ಟಿನ್ನಿನ, ಹಲಸಿನ ಬೀಜದ ಜಾಕಲಿನ್ ಎಂಬ ಲೆಕ್ಟಿನ್ನಿನ ಅಣುರಚನೆಗಳನ್ನು ಬಿಡಿಸಿಟ್ಟವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಶಶಿಕಲಾ ಇನಾಮದಾರ್, ಬಿ. ಎಂ. ಸ್ವಾಮಿ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದು ಶಿಲೀಂಧ್ರಗಳ ಲೆಕ್ಟಿನ್ನುಗಳ ಬೆನ್ನುಹತ್ತಿದರು. ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಸೋಂಕು ತರುವ ಸೆಫಲೋಸ್ಪೋರಿಯಂ ಕರ್ವುಲಂ ಎಂಬ ಬೂಷ್ಟು ಅವುಗಳಲ್ಲೊಂದು. ಇದರ ಲೆಕ್ಟಿನ್ ಅಂಟುವುದು ಬುಡದಲ್ಲಿ ಫ್ಯೂಕೋಸ್ ಇರುವ ಸಕ್ಕರೆ ಸರಪಳಿಗಳಿಗೇ ಎಂದು 2012ರಲ್ಲಿ ಅವರು ಪ್ರಕಟಿಸಿದರು. ಕ್ಯಾನ್ಸರಿನ ಎಎಫ್‌ಪಿಯನ್ನು ಬೇರೆ ಎಎಫ್‌ಪಿಯಿಂದ ಬಿಡಿಸಿ ತೋರಿಸುವ ಗುರುತೂ ಅದೇ ಫ್ಯೂಕೋಸ್. ಮಸೂರದ ಲೆಕ್ಟಿನ್ನಿಗೆ ಮ್ಯಾನೋಸ್ ಸಕ್ಕರೆಯ ಮೇಲೂ ಒಂದು ಕಣ್ಣು ಇರುವುದರಿಂದ, ಫ್ಯೂಕೋಸಿಗೇ ನಿಷ್ಠೆಯಿಂದಿರುವ ಲೆಕ್ಟಿನ್ನಿಗೆ ಈ ಕ್ಷೇತ್ರದಲ್ಲಿ ಬೆಲೆ ಇದೆ. ರೋಗಿಯ ಕಣ್ಣು ಕೆಡಿಸುವ ಬೂಷ್ಟು ಯಕೃತ್ತಿನ ರೋಗ ನೋಡುವ ಕನ್ನಡಕವಾಗಬಹುದು!

ವಿಟಮಿನ್ ಕೆ ಸಿಗದ ಪ್ರೋಟೀನು

ಮೂರನೆಯ ಸೂಚಕ ಡಿಸಿಪಿ. ಪಿವ್ಕಾ-2 ಎಂದೂ ಕರೆಯುತ್ತಾರೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ನನ್ನು ಯಕೃತ್ತು ವಿಟಮಿನ್ ಕೆ ನೆರವಿನಿಂದ ಪೂರ್ತಿಗೊಳಿಸಬೇಕು. ಕ್ಯಾನ್ಸರಿನ ಕೋಶ ಅದನ್ನು ಅರೆಬರೆ ಮಾಡಿ ಹೊರಗೆ ಬಿಡುತ್ತದೆ. 1984ರಲ್ಲಿ ಅಮೆರಿಕದ ಲೀಬ್‌ಮನ್ ತಂಡ ಇದನ್ನು ಗುರುತಿಸಿತು. ಎಎಫ್‌ಪಿ ಏರದ ಗಡ್ಡೆಗಳಲ್ಲಿ ಕೆಲವನ್ನು ಇದು ಹಿಡಿಯುತ್ತದೆ, ರಕ್ತನಾಳಕ್ಕೆ ನುಗ್ಗಿರುವ ಗಡ್ಡೆಯ ಸುಳಿವನ್ನೂ ಕೊಡುತ್ತದೆ. ಆದರೆ ಹೃದಯದ ಕವಾಟಕ್ಕಾಗಿ ವಾರ್ಫರಿನ್ ಗುಳಿಗೆ ನುಂಗುವವರಲ್ಲಿ, ಪಿತ್ತನಾಳ ಕಟ್ಟಿಕೊಂಡು ಕಾಮಣಿಯಾದವರಲ್ಲಿ ಕ್ಯಾನ್ಸರಿಲ್ಲದೆಯೂ ಏರಿಬಿಡುತ್ತದೆ. ವರದಿ ನೋಡುವ ಮೊದಲು ಗುಳಿಗೆಯ ಚೀಟಿ ನೋಡಬೇಕು.

ಈ ಮೂರನ್ನೂ ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂಬುದರ ಜೊತೆ ಒಂದೇ ಸೂತ್ರಕ್ಕೆ ಹೊಲಿದದ್ದು ಗಲಾಡ್ ಅಂಕ. ಬರ್ಮಿಂಗ್‌ಹ್ಯಾಮಿನ ಫಿಲಿಪ್ ಜಾನ್ಸನ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಪ್ರಕಟಿಸಿದರು. ಫಲಿತಾಂಶ ಸೊನ್ನೆಗಿಂತ ತುಸು ಕೆಳಗೆ, −0.63ರ ಗೆರೆ ದಾಟಿತೋ ಇಲ್ಲವೋ ಎಂಬುದೇ ಪ್ರಶ್ನೆ. ಸೂತ್ರದೊಳಗೆ ವಯಸ್ಸು ಮತ್ತು ಲಿಂಗ ಇರುವುದನ್ನು ಗಮನಿಸಬೇಕು: ಯಾವ ಅಣುವೂ ಅಲ್ಲದ, ಒಂದು ಪೈಸೆ ಖರ್ಚಿಲ್ಲದ ಈ ಎರಡು ಸಂಗತಿಗಳು ಪರೀಕ್ಷೆಯ ಬಲವನ್ನು ಏರಿಸುತ್ತವೆ. ಗಂಡಸರಲ್ಲಿ ಈ ಕ್ಯಾನ್ಸರು ಎರಡು ಮೂರು ಪಟ್ಟು ಹೆಚ್ಚು. ನನ್ನ ಮಟ್ಟಿಗೆ ಈ ಮೂವತ್ತು ವರ್ಷಗಳ ಬಿಡಿ ಬಿಡಿ ಹೊಸ ಸೂಚಕಗಳಿಗಿಂತ ಈ ಸಾದಾ ಹೊಲಿಗೆಯೇ ದೊಡ್ಡ ಹೆಜ್ಜೆ.

ಬಿಡಿ ಸೂಚಕಗಳ ಪಟ್ಟಿಯಂತೂ ಉದ್ದವಿದೆ: ಗ್ಲೈಪಿಕಾನ್-3, ಗಾಲ್ಗಿ ಪ್ರೋಟೀನ್ 73, ಆಸ್ಟಿಯೋಪಾಂಟಿನ್, ಡಿಕೆಕೆ-1. 2011ರಲ್ಲಿ ಶಾಂಘೈಯ ತಂಡವೊಂದು ಏಳು ಸೂಕ್ಷ್ಮ ಆರ್‌ಎನ್‌ಎಗಳ ಗುಂಪನ್ನು ಮುಂದಿಟ್ಟಿತು. ಈಗಿನ ಭರಾಟೆ ಸತ್ತ ಕೋಶಗಳಿಂದ ರಕ್ತಕ್ಕೆ ಸೋರಿದ ಡಿಎನ್‌ಎ ಚೂರುಗಳದ್ದು. ಅವುಗಳ ಮೇಲಿನ ಮೀಥೈಲ್ ಗುರುತುಗಳನ್ನು ಓದಿದರೆ ಚೂರು ಯಾವ ಅಂಗದಿಂದ ಬಂತು, ಕೆಟ್ಟ ಕೋಶದ್ದೋ ಒಳ್ಳೆಯದರದ್ದೋ ಎಂದು ಹೇಳಬಹುದು. ಇಂಥ ಹುಡುಕಾಟಕ್ಕೆ ಮೊದಲು ಬೇಕಾದದ್ದು ಆರೋಗ್ಯವಂತ ದೇಹ ಏನೇನು ತಯಾರಿಸುತ್ತದೆಂಬ ನಕ್ಷೆ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ಯುವ ಸಂಶೋಧಕರು ಅಖಿಲೇಶ್ ಪಾಂಡೆಯವರ ನೇತೃತ್ವದಲ್ಲಿ, ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ 2014ರಲ್ಲಿ ಮನುಷ್ಯ ಪ್ರೋಟೀನುಗಳ ಕರಡು ನಕ್ಷೆಯನ್ನು ಹೊರತಂದರು. 17,294 ಜೀನ್‌ಗಳ ಪ್ರೋಟೀನುಗಳು ಅದರಲ್ಲಿದ್ದವು. ವಯಸ್ಕರ ಅಂಗಾಂಶಗಳ ಜೊತೆ ಭ್ರೂಣದ ಏಳು ಅಂಗಾಂಶಗಳನ್ನೂ ಅವರು ನೋಡಿದ್ದರು, ಭ್ರೂಣದ ಯಕೃತ್ತು ಸಹ ಅವುಗಳಲ್ಲಿತ್ತು. ಮುಂದಿನ ಎಎಫ್‌ಪಿಯನ್ನು ಹುಡುಕುವವರು ಹಾಯಲೇಬೇಕಾದ ಜಾಗ ಅದು.

ಪ್ರಕಟವಾದ ಸೂಚಕಗಳಲ್ಲಿ ಆಸ್ಪತ್ರೆಯ ಬಾಗಿಲು ತಲುಪಿದವು ಬೆರಳೆಣಿಕೆಯಷ್ಟು ಯಾಕೆ? 2001ರಲ್ಲಿ ಮಾರ್ಗರೆಟ್ ಪೆಪೆ ಮತ್ತು ಸಂಗಡಿಗರು ಸೂಚಕವೊಂದು ದಾಟಬೇಕಾದ ಐದು ಹಂತಗಳನ್ನು ವಿಂಗಡಿಸಿಟ್ಟರು. ಬಹುತೇಕ ಸೂಚಕಗಳು ಎರಡನೆಯದರಲ್ಲೇ ನಿಂತುಬಿಡುತ್ತವೆ: ದೊಡ್ಡ ಗಡ್ಡೆಯಿರುವ ರೋಗಿಗಳನ್ನೂ ಪೂರ್ತಿ ಆರೋಗ್ಯವಂತರನ್ನೂ ಎದುರುಬದುರು ಇಟ್ಟು ಹೋಲಿಸುವ ಹಂತ. ಆನೆಗೂ ಇರುವೆಗೂ ವ್ಯತ್ಯಾಸ ಕಂಡುಹಿಡಿಯುವುದು ಯಾವ ಪರೀಕ್ಷೆಗೂ ಕಷ್ಟವಲ್ಲ. ಸಿರೋಸಿಸ್ ಇರುವವನಲ್ಲಿ ಎರಡು ಸೆಂಟಿಮೀಟರು ಗಡ್ಡೆ ಹುಟ್ಟುವ ಮೊದಲಿನ ರಕ್ತ ಮತ್ತು ಹುಟ್ಟಿದ ಮೇಲಿನ ರಕ್ತ, ಎರಡನ್ನೂ ವರ್ಷಗಟ್ಟಲೆ ಕೂಡಿಟ್ಟು ಹೋಲಿಸಬೇಕು. ಅದಕ್ಕೆ ಶೀತಲ ಪೆಟ್ಟಿಗೆ ಬೇಕು, ಕರೆಂಟು ಬೇಕು, ಎಲ್ಲಕ್ಕಿಂತ ಮೇಲಾಗಿ ಆರು ತಿಂಗಳಿಗೊಮ್ಮೆ ಮರಳಿ ಬರುವ ರೋಗಿ ಬೇಕು. ರಾಶಿಯ ಕಾಲದಲ್ಲಿ ಔರಾದಿನ ರೈತ ಆಸ್ಪತ್ರೆಯ ತಾರೀಖು ನೆನಪಿಡುತ್ತಾನೆಯೇ?

ಬೂಷ್ಟು ಬಿಟ್ಟ ಗುರುತು

ಬೀದರ್ ಜಿಲ್ಲೆಯ ಮಟ್ಟಿಗೆ ಇನ್ನೊಂದು ಬಗೆಯ ಸೂಚಕವನ್ನು ಬಿಡುವಂತಿಲ್ಲ. ಅದು ಗಡ್ಡೆಯದಲ್ಲ, ತಿಂದ ವಿಷದ್ದು. ಜೋಳ, ಗೋವಿನಜೋಳ, ಶೇಂಗಾಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅಡಿಗೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಇದು ಜಗತ್ತಿಗೆ ಗೊತ್ತಾದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರದ ನಂದಿನಗರದಲ್ಲಿ; ಕೋಳಿ ಮೇವಿನ ಅಫ್ಲಟಾಕ್ಸಿನ್ ಅಲ್ಲಿನವರಿಗೆ ಪಾಠದ ಮೊದಲ ಪುಟದ ವಿಷಯ. ಮನುಷ್ಯರಲ್ಲಿ ಅದರ ಉಗ್ರರೂಪ ನಮ್ಮ ದೇಶದಲ್ಲೇ ಕಂಡಿತ್ತು. 1974ರ ಕೊನೆಯಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸ್‌ವಾಡಾ ಸೀಮೆಗಳಲ್ಲಿ ಮಳೆಗೆ ನೆನೆದ ಗೋವಿನಜೋಳ ತಿಂದು 397 ಜನ ಕಾಮಣಿಗೆ ಬಿದ್ದರು, 106 ಜನ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಸಂಗಡಿಗರು ಅದನ್ನು ದಾಖಲಿಸಿದರು.

ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಒಳಹೋದರೆ ಈ ವಿಷ ಕ್ಯಾನ್ಸರಿಗೆ ದಾರಿ. ಯಕೃತ್ತಿನಲ್ಲಿ ಅದು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಳ್ಳುತ್ತದೆ. ಆಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು 20 ದಿನವಾದ್ದರಿಂದ, ಒಂದು ಹನಿ ರಕ್ತ ಕಳೆದ ಎರಡು ಮೂರು ತಿಂಗಳು ಆ ಮನೆಯ ರೊಟ್ಟಿಯ ಹಿಟ್ಟು ಹೇಗಿತ್ತೆಂದು ಹೇಳಬಲ್ಲದು. ಹಗೇವಿನಲ್ಲಿ ಕೂಡಿಟ್ಟ ಜೋಳಕ್ಕೆ ತೇವ ತಾಕಿತ್ತೇ ಎಂದು ಅದನ್ನೇ ಕೇಳಬಹುದು. ಕ್ಯಾನ್ಸರಾದ ಮೇಲೂ ವಿಷ ತನ್ನ ಸಹಿ ಬಿಟ್ಟಿರುತ್ತದೆ: ಟಿಪಿ53 ಎಂಬ ಜೀನಿನ 249ನೇ ಜಾಗದಲ್ಲಿ ಒಂದೇ ಬಗೆಯ ತಿದ್ದುಪಡಿ. 1991ರಲ್ಲಿ ಚೀನಾ ಮತ್ತು ಆಫ್ರಿಕಾ ಖಂಡದ ದಕ್ಷಿಣ ಭಾಗದ ಗಡ್ಡೆಗಳಲ್ಲಿ ಇದು ಕಂಡಿತು. 2000ದಲ್ಲಿ ಗ್ಯಾಂಬಿಯಾದ ರೋಗಿಗಳ ರಕ್ತದಲ್ಲಿ ತೇಲುವ ಡಿಎನ್‌ಎಯಲ್ಲೇ ಅದನ್ನು ಹಿಡಿದರು. ಬೀದರದಿಂದ ಹೈದರಾಬಾದಿಗೆ ಹೋಗುವ ಬಸ್ಸು ಹಾದುಹೋಗುವ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಶೇಂಗಾದಲ್ಲಿ ಈ ವಿಷ ಅಳೆಯುವ ಅಗ್ಗದ ಎಲೈಸಾ ಪರೀಕ್ಷೆ ರೂಪಿಸಿದ್ದಷ್ಟೇ ಅಲ್ಲ, ಹೈದರಾಬಾದಿನ ರೋಗಿಗಳಲ್ಲಿ ಅಫ್ಲಟಾಕ್ಸಿನ್, ಟಿಪಿ53 ತಿದ್ದುಪಡಿ, ಹೆಪಟೈಟಿಸ್-ಬಿ ಮತ್ತು ಯಕೃತ್ತಿನ ರೋಗದ ಸಂಬಂಧವನ್ನು ಹುಡುಕಿದ ಅಧ್ಯಯನವೊಂದರಲ್ಲೂ ಪಾಲುಗೊಂಡಿತು. ಅದು 2014ರಲ್ಲಿ ಪ್ರಕಟವಾಯಿತು.

ಎಲ್ಲಕ್ಕಿಂತ ಹಿಂದಿನ ಸೂಚಕ

ಶಾಂಘೈಯ 18,244 ಗಂಡಸರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಅಫ್ಲಟಾಕ್ಸಿನ್ ಒಂದೇ ಇದ್ದವರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ 3.4 ಪಟ್ಟು, ಹೆಪಟೈಟಿಸ್-ಬಿ ಒಂದೇ ಇದ್ದವರಿಗೆ 7.3 ಪಟ್ಟು, ಎರಡೂ ಕೂಡಿದವರಿಗೆ 59 ಪಟ್ಟು. ಎರಡು ಕೆಡುಕುಗಳು ಇಲ್ಲಿ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಹಾಗಿರುವಾಗ ರಕ್ತದಲ್ಲಿ ಈ ಕ್ಯಾನ್ಸರಿನ ಅತ್ಯಂತ ಮುಂಗಡ ಸುಳಿವು ಕೊಡುವುದು ಎಎಫ್‌ಪಿಯೂ ಅಲ್ಲ, ಗಲಾಡೂ ಅಲ್ಲ. ಅದು ಹೆಪಟೈಟಿಸ್-ಬಿ ವೈರಸ್ಸಿನ ಹೊರಕವಚದ ಪ್ರೋಟೀನು. ಬರೂಕ್ ಬ್ಲಂಬರ್ಗ್ ಆಸ್ಟ್ರೇಲಿಯಾದ ಆದಿವಾಸಿಯೊಬ್ಬರ ರಕ್ತದಲ್ಲಿ ಕಂಡ ಇದಕ್ಕೆ 1965ರಲ್ಲಿ 'ಆಸ್ಟ್ರೇಲಿಯಾ ಆಂಟಿಜನ್' ಎಂದು ಹೆಸರಿಟ್ಟರು. 1976ರಲ್ಲಿ ಅವರಿಗೆ ನೊಬೆಲ್ ಬಂತು. ತೈವಾನಿನ 22,707 ಗಂಡಸರನ್ನು ನೋಡಿದ ಬೀಸ್ಲಿ ಎಂಬ ಸಂಶೋಧಕ 1981ರಲ್ಲಿ ಹೇಳಿದ್ದು: ಈ ಪ್ರೋಟೀನು ರಕ್ತದಲ್ಲಿರುವವರಿಗೆ ಇಲ್ಲದವರಿಗಿಂತ ಅಪಾಯ 223 ಪಟ್ಟು. ಯಾವ ಹೊಸ ಸೂಚಕವೂ ಈ ಸಂಖ್ಯೆಯ ಹತ್ತಿರ ಸುಳಿದಿಲ್ಲ. ಪರೀಕ್ಷೆಗೆ ಬೇಕಾದ್ದು ಬೆರಳ ತುದಿಯ ರಕ್ತ, ಒಂದು ಪಟ್ಟಿ, ಹದಿನೈದು ಇಪ್ಪತ್ತು ನಿಮಿಷ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಮದ್ಯ ಮತ್ತು ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬು ತುಂಬಿದ ಯಕೃತ್ತು ಈ ಲೆಕ್ಕವನ್ನು ಈಗ ಕೆಡಿಸುತ್ತಿವೆ. ವೈರಸ್ಸಿಲ್ಲದ, ಕೆಲವೊಮ್ಮೆ ಸಿರೋಸಿಸ್ಸೂ ಆಗದ ಯಕೃತ್ತಿನಲ್ಲಿ ಗಡ್ಡೆ ಹುಟ್ಟುತ್ತಿದೆ. ದಪ್ಪ ಹೊಟ್ಟೆಯಲ್ಲಿ ಸೋನೋಗ್ರಫಿಗೂ ಸರಿಯಾಗಿ ಕಾಣುವುದಿಲ್ಲ. ರಕ್ತಸೂಚಕದ ಅಗತ್ಯ ಹೆಚ್ಚುತ್ತಿರುವುದು ಈ ಗುಂಪಿನಲ್ಲಿ.

ವೈರಸ್ಸಿನಿಂದ ಬರುವ ಕ್ಯಾನ್ಸರಿಗಾದರೆ ಲಸಿಕೆಯ ತಡೆ ಇದೆ. ಹೆಪಟೈಟಿಸ್-ಬಿ ಲಸಿಕೆಯ ಕಥೆಯಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀ ಲಸಿಕೆ ತಂದು ಬೆಲೆ ಇಳಿಸಿತು. ತೈವಾನ್ 1984ರಿಂದಲೇ ಮಕ್ಕಳಿಗೆ ಚುಚ್ಚತೊಡಗಿತ್ತು. ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು ಇಳಿದದ್ದು 1997ರಲ್ಲಿ ದಾಖಲಾಯಿತು. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 2007–08ರಲ್ಲಿ ಈ ಲಸಿಕೆಯನ್ನು ಹತ್ತು ರಾಜ್ಯಗಳಿಗೆ ವಿಸ್ತರಿಸಿದಾಗ ಕರ್ನಾಟಕವೂ ಅವುಗಳಲ್ಲಿತ್ತು. ಆಗ ಮೈಲೂರದಲ್ಲೋ ಭಾಲ್ಕಿಯಲ್ಲೋ ಚುಚ್ಚಿಸಿಕೊಂಡ ಕೂಸುಗಳು ಈಗ ಕಾಲೇಜಿನ ವಯಸ್ಸಿನವರು. ಈ ಕ್ಯಾನ್ಸರು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಐವತ್ತು ಅರುವತ್ತರ ಆಸುಪಾಸಿನಲ್ಲಿ. ಆ ವಯಸ್ಸಿಗೆ ಈಗ ಹತ್ತಿರವಾಗುತ್ತಿರುವವರು, ಆಗಲೇ ತಲುಪಿರುವವರು ಅವರ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು. ಅವರು ಹುಟ್ಟಿದಾಗ ಇಲ್ಲಿನ ಕೂಸುಗಳಿಗೆ ಈ ಲಸಿಕೆ ಸಿಗುತ್ತಿರಲಿಲ್ಲ.